ಗಢವಾಲದ ತೋಟಗಳೂ ಹೂಕಣಿವೆಯೂ: ಬೇಲಿ ಹಾಕಿದರೆ ಸಾಕೇ?



ಕಳೆದ ಮಳೆಗಾಲದಲ್ಲಿ ನಮ್ಮ ಸಂಘದ ಹನ್ನೊಂದು ಮಂದಿ ಸದಸ್ಯರು ಉತ್ತರಾಖಂಡದ ಗಢವಾಲ ಪ್ರಾಂತ್ಯಕ್ಕೆ ಹೋಗಿ, ಅಲ್ಲಿನ ಹೆಸರಾಂತ ಸಸ್ಯೋದ್ಯಾನಗಳನ್ನೂ ಹೂಕಣಿವೆಯನ್ನೂ ನೋಡಿ ಬಂದೆವು. ಹನ್ನೊಂದು ಮಂದಿಯಲ್ಲಿ ಕಾರ್ಯದರ್ಶಿಯಾದ ನಾನೂ ಒಬ್ಬ. ಎಲ್ಲರೂ ಸ್ವಂತ ಖರ್ಚಿನಲ್ಲಿ ಹೋದವರು. ಸಂಘದ ಹಣ ಒಂದು ಪೈಸೆಯೂ ಇದಕ್ಕೆ ವಿನಿಯೋಗವಾಗಿಲ್ಲವೆಂಬುದನ್ನು ಮೊದಲಿಗೇ ತಿಳಿಸಿಬಿಡುವುದು ಕ್ಷೇಮ.

ಪ್ರವಾಸಕ್ಕೆ ಹಿನ್ನೆಲೆಯಾಗಿ ಒಂದು ಜಗಳವಿತ್ತು. ಹಿಂದಿನ ಸರ್ವಸದಸ್ಯರ ಸಭೆಯಲ್ಲಿ ಸೊಪ್ಪಿನಬೆಟ್ಟದ ವಿಷಯ ಬಂದಾಗ ಸಭೆ ಎರಡು ಪಾಲಾದದ್ದು ನಿಮಗೆ ನೆನಪಿರಬಹುದು. ಬೆಟ್ಟಕ್ಕೆ ಬೇಲಿ ಹಾಕಿ ಹತ್ತು ವರ್ಷ ಯಾರೂ ಕತ್ತಿ ಹಿಡಿದು ಒಳಗೆ ಹೋಗದಂತೆ ಮಾಡಿದರೆ ಕಾಡು ತಾನಾಗಿ ಚಿಗುರುತ್ತದೆ ಎಂದು ಒಂದು ಪಕ್ಷ. ಸೊಪ್ಪು ಕಡಿಯುವುದು ಅಜ್ಜನ ಕಾಲದಿಂದ ಬಂದ ಹಕ್ಕು, ಅದಕ್ಕೆ ಯಾರೂ ಅಡ್ಡ ಬರಬಾರದು ಎಂದು ಇನ್ನೊಂದು ಪಕ್ಷ. ನಾನು ಬೇಲಿಯ ಪಕ್ಷದವನು. ಗಢವಾಲಕ್ಕೆ ಹೋಗುವವರೆಗೆ ಆ ಅಭಿಪ್ರಾಯದಲ್ಲಿ ಸಂಶಯವಿರಲಿಲ್ಲ. ಬಂದ ಮೇಲೆ ಅದನ್ನು ತಿದ್ದಿಕೊಳ್ಳಬೇಕಾಯಿತು. ಏಕೆಂಬುದನ್ನು, ನೋಡಿದ ಸ್ಥಳಗಳ ಪರಿಚಯದೊಂದಿಗೆ, ಇಲ್ಲಿ ನಿವೇದಿಸುತ್ತೇನೆ.

ಸಹಾರನಪುರ: ಗಿಡಗಳು ಊರು ಬದಲಿಸಿದ ಜಾಗ

ದೆಹಲಿಯಿಂದ ಡೆಹರಾಡೂನಿಗೆ ಹೋಗುವ ರೈಲುದಾರಿಯಲ್ಲಿ ಸಹಾರನಪುರ ಸಿಗುತ್ತದೆ. ಮಾವಿಗೂ ಮರಗೆತ್ತನೆಗೂ ಹೆಸರಾದ ಊರು. ಬಹುಪಾಲು ಪ್ರವಾಸಿಗರು ಇಲ್ಲಿ ಇಳಿಯುವುದಿಲ್ಲ. ಗಿಡ ಬೆಳೆಸಿ ಬದುಕುವ ನಮ್ಮಂಥವರು ಒಂದು ಹೊತ್ತಾದರೂ ಇಳಿಯಬೇಕು. ರೋಹಿಲ್ಲಾ ಸರದಾರರ ಕಾಲದ ಹಳೆಯ ಬಾಗೊಂದನ್ನು 1817ರಲ್ಲಿ ಈಸ್ಟ್ ಇಂಡಿಯಾ ಕಂಪನಿ ವಹಿಸಿಕೊಂಡು ಸಸ್ಯೋದ್ಯಾನ ಮಾಡಿತು. ಹಿಮಾಲಯದ ಗಿಡವನ್ನು ಬಯಲಿಗೆ ತಂದು ಪರೀಕ್ಷಿಸುವುದು, ಹೊರದೇಶದ ಗಿಡವನ್ನು ನಮ್ಮ ಹವೆಗೆ ಒಗ್ಗಿಸುವುದು, ಬೀಜ ಮತ್ತು ಸಸಿಗಳನ್ನು ಹಂಚುವುದು ಇದರ ಕೆಲಸವಾಗಿತ್ತು. ಚಹಾವನ್ನು ಗಢವಾಲ ಮತ್ತು ಕುಮಾವೂ ಬೆಟ್ಟಗಳಲ್ಲಿ ಬೆಳೆಯಬಹುದೆಂದು 1830ರ ದಶಕದಲ್ಲಿ ಸಾಧಿಸಿ ತೋರಿಸಿದವರು ಈ ಉದ್ಯಾನದ ಅಧಿಕಾರಿಗಳೇ. ಚೀನಾದಿಂದ ರಾಬರ್ಟ್ ಫಾರ್ಚೂನ್ ತಂದ ಚಹಾ ಸಸಿಗಳು 1851ರಲ್ಲಿ ಬಂದಿಳಿದದ್ದೂ ಇಲ್ಲಿಗೇ. ಈಗ ಇದು ಉತ್ತರ ಪ್ರದೇಶ ಸರ್ಕಾರದ ತೋಟಗಾರಿಕಾ ಪ್ರಯೋಗ ಮತ್ತು ತರಬೇತಿ ಕೇಂದ್ರವಾಗಿದೆ. ಹಳೆಯ ವೈಭವವನ್ನು ನಿರೀಕ್ಷಿಸಿ ಹೋಗಬಾರದು. ಹಳೆಯ ಮರಗಳನ್ನು ನೋಡಲು ಹೋಗಬೇಕು.

ಇಲ್ಲಿ 1823ರಿಂದ 1831ರವರೆಗೆ ಮುಖ್ಯಸ್ಥರಾಗಿದ್ದವರು ಜಾನ್ ಫೋರ್ಬ್ಸ್ ರಾಯ್ಲ್ ಎಂಬ ವೈದ್ಯರು. ಹಿಮಾಲಯದ ಅನೇಕ ಗಿಡಗಳಿಗೆ ಶಾಸ್ತ್ರೀಯ ಹೆಸರಿಟ್ಟವರು. ಅವುಗಳಲ್ಲೊಂದು, ಆಳೆತ್ತರ ಬೆಳೆದು ಗುಲಾಬಿ ಬಣ್ಣದ ಹೂ ಬಿಡುವ ಹಿಮಾಲಯದ ಕರ್ಣಕುಂಡಲ. ನಮ್ಮ ಅಂಗಳದ ಕರ್ಣಕುಂಡಲದ ದಾಯಾದಿ. ಇದರ ಬೀಜ 1839ರಲ್ಲಿ ಇಂಗ್ಲೆಂಡಿಗೆ ಹೋಯಿತು. ಅಲ್ಲಿನವರು ಹೂವಿನ ಚೆಲುವಿಗೆ ಮರುಳಾಗಿ ತೋಟದಲ್ಲಿ ಬೆಳೆಸಿದರು. ಕರ್ಣಕುಂಡಲದ ಬಲಿತ ಕಾಯಿ ಮುಟ್ಟಿದರೆ ಸಿಡಿಯುವುದು ನಮ್ಮ ಮಕ್ಕಳಿಗೂ ಗೊತ್ತು. ಹಾಗೆ ಸಿಡಿದ ಬೀಜ ಹೊಳೆಗೆ ಬಿದ್ದು, ನೀರಿನೊಡನೆ ಊರೂರು ತಿರುಗಿ, ಇಂದು ಬ್ರಿಟನ್ನಿನ ಹೊಳೆದಂಡೆಗಳಲ್ಲಿ ಅದೊಂದು ದೊಡ್ಡ ಕಳೆಯಾಗಿದೆ. ಬೇರಿಗೆ ಆಳವಿಲ್ಲ, ಚಳಿಗಾಲಕ್ಕೆ ಗಿಡ ಸತ್ತಾಗ ದಂಡೆ ಬೋಳಾಗಿ ಮಣ್ಣು ಕೊಚ್ಚಿಹೋಗುತ್ತದೆ.

ಇದನ್ನು ಕೇಳಿ ನಗುವ ಅಧಿಕಾರ ನಮಗಿಲ್ಲ. ನಮ್ಮ ಕಾಡಂಚುಗಳನ್ನು ನುಂಗಿದ ಲಂಟಾನವೂ ಹೀಗೆಯೇ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂದದ್ದು. ಗಿಡ ಒಳ್ಳೆಯದೋ ಕಳೆಯೋ ಎಂಬುದು ಗಿಡದಲ್ಲಿ ಮಾತ್ರ ಇಲ್ಲ. ಅದು ಎಲ್ಲಿದೆ, ಅದರ ಮೇಲೆ ಯಾರ ಕಣ್ಣಿದೆ ಎಂಬುದರಲ್ಲಿಯೂ ಇದೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ; ಹೂಕಣಿವೆಯಲ್ಲಿ ಮತ್ತೆ ಬೇಕಾಗುತ್ತದೆ.

ಡೆಹರಾಡೂನ್: ಹುಳುವಿನ ಕೋಣೆಯಲ್ಲಿ ಒಂದು ಗಂಟೆ

ಡೆಹರಾಡೂನಿನಲ್ಲಿ ನೋಡಲೇಬೇಕಾದದ್ದು ಅರಣ್ಯ ಸಂಶೋಧನಾ ಸಂಸ್ಥೆ. 1878ರ ಅರಣ್ಯ ಶಾಲೆಯಿಂದ ಬೆಳೆದು 1906ರಲ್ಲಿ ಸಂಶೋಧನಾ ಸಂಸ್ಥೆಯಾದದ್ದು ಇದು. ಈಗಿನ ಕೆಂಪು ಇಟ್ಟಿಗೆಯ ಭಾರೀ ಕಟ್ಟಡ 1929ರಲ್ಲಿ ಪ್ರಾರಂಭವಾಯಿತು. ಆವರಣವೇ ಸುಮಾರು 450 ಹೆಕ್ಟೇರ್. ಸಸ್ಯೋದ್ಯಾನ, ಬಿದಿರಿನ ಸಂಗ್ರಹ, ಜೊತೆಗೆ ವಸ್ತುಸಂಗ್ರಹಾಲಯಗಳಿವೆ. ಟಿಕೆಟು ಪಡೆದು ಯಾರೂ ನೋಡಬಹುದು. ಮರದ ವಿಭಾಗದಲ್ಲಿ 700 ವರ್ಷಕ್ಕೂ ಹೆಚ್ಚು ಬಾಳಿದ ದೇವದಾರು ಮರದ ಅಡ್ಡಕೊಯ್ತವೊಂದನ್ನು ನಿಲ್ಲಿಸಿದ್ದಾರೆ. ಅದರ ಉಂಗುರಗಳ ಮುಂದೆ ನಮ್ಮ ಜೊತೆಗಿದ್ದ ಹಿರಿಯ ಸದಸ್ಯರೊಬ್ಬರು ಕೈಮುಗಿದು ನಿಂತದ್ದನ್ನು ನಾನು ಮರೆಯಲಾರೆ.

ಕೀಟ ವಿಭಾಗದಲ್ಲಿ ಮಾತ್ರ ನಾವೆಲ್ಲ ಒಂದು ಗಂಟೆ ಕಳೆದೆವು. ಉತ್ತರ ಮತ್ತು ಮಧ್ಯ ಭಾರತದ ಸಾಲ ಮರದ ಕಾಡುಗಳಿಗೆ ಕಾಂಡಕೊರಕವೊಂದಿದೆ. ಉದ್ದ ಮೀಸೆಯ ದುಂಬಿ. ನಮ್ಮ ಅರೇಬಿಕಾದ ಬಿಳಿ ಕಾಂಡಕೊರಕ ಸೇರಿದ ಕುಟುಂಬಕ್ಕೇ ಸೇರಿದ್ದು. ಮಳೆ ಹಿಡಿದೊಡನೆ ದುಂಬಿ ಹೊರಬಂದು ತೊಗಟೆಯ ಮೇಲೆ ಮೊಟ್ಟೆಯಿಡುತ್ತದೆ, ಮರಿಹುಳು ಒಳಗೆ ಕೊರೆದು ಚೇಗಿಗೆ ಇಳಿಯುತ್ತದೆ. 1990ರ ದಶಕದ ಕೊನೆಯಲ್ಲಿ ಮಧ್ಯಪ್ರದೇಶದ ಸಾಲ ಕಾಡುಗಳಲ್ಲಿ ಇದರ ಹಾವಳಿ ಭೀಕರವಾಗಿತ್ತು. ಇದನ್ನು ಹಿಡಿಯುವ ಹಳೆಯ ಉಪಾಯ ಸೊಗಸಾಗಿದೆ. ಸಾಲ ಮರವೊಂದನ್ನು ಕಡಿದು ತುಂಡು ಮಾಡಿ ತೊಗಟೆ ಜಜ್ಜಿ ಬಿಡುತ್ತಾರೆ. ಸೋರಿದ ರಸದ ವಾಸನೆಗೆ ದುಂಬಿಗಳು ದೂರದಿಂದ ಬಂದು, ರಸ ಕುಡಿದು ಮತ್ತೇರಿ ಬಿದ್ದಿರುತ್ತವೆ. ಬೆಳಿಗ್ಗೆ ಹೋಗಿ ಆರಿಸಿ ಕೊಲ್ಲುವುದು. ಇದಕ್ಕೆ ಬೇಕಾದದ್ದು ದೊಡ್ಡ ಯಂತ್ರವಲ್ಲ. ದಿನವೂ ಕಾಡಿಗೆ ಹೋಗುವ ಆಳುಗಳು. ನಾವು ಬೋರರ್ ಬಿದ್ದ ಗಿಡವನ್ನು ದುಂಬಿ ಹಾರುವ ಮೊದಲೇ ಗುರುತಿಸಿ ಕಿತ್ತು ಸುಡುವಂತೆಯೇ ಇದೂ. ನೋಡದೆ ಬಿಟ್ಟ ತೋಟವನ್ನು ಹುಳು ಮೊದಲು ನೋಡುತ್ತದೆ.

ದಾರಿಯ ಕಾಡು

ಋಷಿಕೇಶದಿಂದ ಜೋಶಿಮಠಕ್ಕೆ ಸುಮಾರು 250 ಕಿಲೋಮೀಟರ್. ಗಂಗೆಯ, ಆಮೇಲೆ ಅಲಕನಂದೆಯ ದಂಡೆ ಹಿಡಿದು ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ, ನಂದಪ್ರಯಾಗಗಳ ಮೂಲಕ ರಸ್ತೆ ಏರುತ್ತದೆ. ಬಸ್ಸಿನ ಕಿಟಕಿಯಿಂದಲೇ ಕಾಡು ಅಂತಸ್ತು ಅಂತಸ್ತಾಗಿ ಬದಲಾಗುವುದನ್ನು ಗಮನಿಸಬಹುದು. ತಪ್ಪಲಿನಲ್ಲಿ ಸಾಲ, ಅದರ ಮೇಲೆ ಚೀಡ್ ಎಂಬ ಪೈನ್, ಅದಕ್ಕೂ ಮೇಲೆ ಬಾಂಜ್ ಎಂಬ ಓಕ್ ಮರ ಮತ್ತು ಬುರಾಂಸ್. ಚೈತ್ರದ ಹೊತ್ತಿಗೆ ಕೆಂಪು ಹೂ ತಳೆಯುವ ಬುರಾಂಸ್, ನೀಲಗಿರಿಯ ಎತ್ತರದ ಶೋಲಾ ಕಾಡುಗಳಲ್ಲಿರುವ ರೋಡೋಡೆಂಡ್ರಾನಿನದೇ ಜಾತಿ. ನಡುವೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚಿನ ಅಂತರ. ಅದರ ಹೂವಿನ ಶರಬತ್ತು ದಾರಿಯ ಅಂಗಡಿಗಳಲ್ಲಿ ಸಿಗುತ್ತದೆ, ಕುಡಿದು ನೋಡಿ.

ಇಲ್ಲಿನ ರೈತರಿಗೆ ಬಾಂಜ್ ಎಂದರೆ ನಮಗೆ ಸೊಪ್ಪಿನಬೆಟ್ಟವಿದ್ದಂತೆ. ಹಸಿ ಎಲೆ ದನಕ್ಕೆ, ಉದುರಿದ ದರಗು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ಗದ್ದೆಗೆ. ಬಾಂಜ್ ಕಾಡಿನ ಕೆಳಗೆ ಒರತೆ ಬತ್ತುವುದಿಲ್ಲವೆಂದು ಅವರ ನಂಬಿಕೆ. ಚೀಡಿನ ಸೂಜಿಯೆಲೆ ದನ ಮುಟ್ಟುವುದಿಲ್ಲ, ಬೇಸಿಗೆಯಲ್ಲಿ ಬೆಂಕಿಗೆ ಎಣ್ಣೆ ಸುರಿದಂತೆ. ಈ ಭಾಗದಲ್ಲಿ 1931ರ ನಿಯಮದ ಪ್ರಕಾರ ಸ್ಥಾಪನೆಯಾದ ವನ ಪಂಚಾಯತಿಗಳಿವೆ. ಊರಿನವರೇ ಪಂಚರನ್ನು ಆರಿಸಿ, ಕಾಡಿನ ಯಾವ ಭಾಗದಲ್ಲಿ ಯಾವಾಗ ಹುಲ್ಲು ಕೊಯ್ಯಬೇಕು, ಯಾವಾಗ ಸೊಪ್ಪು ತರಬೇಕು, ಯಾವುದನ್ನು ಈ ವರ್ಷ ಮುಟ್ಟಬಾರದು ಎಂದು ನಿರ್ಧರಿಸುವ ಏರ್ಪಾಡು. ಎಲ್ಲ ಪಂಚಾಯತಿಗಳೂ ಚೆನ್ನಾಗಿ ನಡೆದಿವೆಯೆಂದಲ್ಲ. ಆದರೆ ಬೇಲಿಯೂ ಅಲ್ಲದ, ಲೂಟಿಯೂ ಅಲ್ಲದ ಮೂರನೆಯ ದಾರಿಯೊಂದು ಇದೆಯೆಂದು ನನಗೆ ಮೊದಲು ಹೊಳೆದದ್ದು ಇಲ್ಲಿ.

ಜೋಶಿಮಠದಿಂದ ಅನತಿ ದೂರದಲ್ಲಿ ರೈಣಿ ಗ್ರಾಮವಿದೆ. 1974ರ ಮಾರ್ಚಿಯಲ್ಲಿ ಗೌರಾದೇವಿ ಮತ್ತು ಊರಿನ ಹೆಂಗಸರು ಗುತ್ತಿಗೆದಾರರ ಆಳುಗಳನ್ನು ಕಾಡಿನಿಂದ ಹಿಂದಕ್ಕೆ ಕಳುಹಿಸಿದ ಊರು. ಆ ಚಿಪ್ಕೋ ಚಳವಳಿಯ ಪ್ರೇರಣೆಯಿಂದಲೇ 1983ರಲ್ಲಿ ಶಿರಸಿ ಸೀಮೆಯ ಸಾಲ್ಕಣಿಯಲ್ಲಿ ನಮ್ಮ ಅಪ್ಪಿಕೋ ಆರಂಭವಾಯಿತು. ಅಲ್ಲಿಯೂ ಇಲ್ಲಿಯೂ ಮರ ತಬ್ಬಿದವರು ಕಾಡಿನಿಂದ ಸೊಪ್ಪು, ಹುಲ್ಲು, ನೀರು ಪಡೆಯುತ್ತಿದ್ದವರೇ ಎಂಬುದನ್ನು ಗಮನಿಸಬೇಕು.

ಹೂಕಣಿವೆ

ಜೋಶಿಮಠದಿಂದ ಮುಂದೆ ಗೋವಿಂದಘಾಟ್. ಅಲ್ಲಿಂದ ಪುಲ್ನಾದವರೆಗೆ ನಾಲ್ಕು ಕಿಲೋಮೀಟರ್ ಜೀಪು, ಆಮೇಲೆ ಹೊಳೆಯ ಪಕ್ಕದಲ್ಲಿ ಸುಮಾರು ಹತ್ತು ಕಿಲೋಮೀಟರ್ ಏರು ನಡಿಗೆ. ಸಾಗದವರಿಗೆ ಹೇಸರಗತ್ತೆ ಸಿಗುತ್ತದೆ. ರಾತ್ರಿ ತಂಗುವುದು ಘಾಂಘರಿಯಾದಲ್ಲಿ. ಎತ್ತರ ಸುಮಾರು 3,000 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್ ಎಂಬುದನ್ನು ಹೋಲಿಸಿಕೊಂಡರೆ ಉಸಿರು ಏಕೆ ಕಟ್ಟುತ್ತದೆಂದು ತಿಳಿಯುತ್ತದೆ. ಮಾರನೆಯ ಬೆಳಿಗ್ಗೆ ಅಲ್ಲಿಂದ ಕೆಲವು ಕಿಲೋಮೀಟರ್ ನಡೆದರೆ ಕಣಿವೆ ತೆರೆದುಕೊಳ್ಳುತ್ತದೆ.

ಕಣಿವೆಯ ನಡುವೆ ಪುಷ್ಪಾವತಿ ಹೊಳೆ, ಸುತ್ತ ಹಿಮದ ಶಿಖರ, ಎರಡೂ ಪಕ್ಕ ಇಳಿಜಾರಿನಲ್ಲಿ ಹೂವೇ ಹೂವು. ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ 87.5 ಚದರ ಕಿಲೋಮೀಟರ್. ಹೂ ಬಿಡುವ ಸಸ್ಯಗಳು ಐನೂರಕ್ಕೂ ಹೆಚ್ಚು ಬಗೆ. ಹಿಮ ಕರಗಿದ ಜೂನಿನಲ್ಲಿ ನೆಲ ಕಚ್ಚಿ ಬೆಳೆಯುವ ಸಣ್ಣ ಹೂಗಳು, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಎತ್ತರದ ಗಿಡಗಳ ಭರಾಟೆ, ಸೆಪ್ಟೆಂಬರಿನಲ್ಲಿ ಎಲೆ ಹಳದಿಗೆ ತಿರುಗಿ ಬೀಜದ ಕಾಲ. ವರ್ಷದ ಬಹುಭಾಗ ಹಿಮದಡಿ ಇರುವ ನೆಲವಾದ್ದರಿಂದ ಚಿಗುರು, ಹೂ, ಕಾಯಿ, ಬೀಜ ಎಲ್ಲವೂ ಮೂರು ನಾಲ್ಕು ತಿಂಗಳೊಳಗೆ ಮುಗಿಯಬೇಕು. ಒಂದು ಹೂಮಳೆಗೆ ಇಡೀ ಕಾಫಿ ತೋಟ ಒಟ್ಟಿಗೆ ಬೆಳ್ಳಗಾಗುವುದನ್ನು ಕಂಡ ನಮಗೆ ಈ ಅವಸರ ಅರ್ಥವಾಗುತ್ತದೆ.

ಒಳಹೊಕ್ಕ ಸ್ವಲ್ಪ ಹೊತ್ತಿಗೇ ನಮ್ಮ ಹಿರಿಯ ಸದಸ್ಯರು ಗುಲಾಬಿ ಹೂವಿನ ಗುಂಪೊಂದರ ಮುಂದೆ ನಿಂತರು. “ಅಲ್ಲ ಮಾರಾಯ್ರೆ, ಇದು ಕರ್ಣಕುಂಡಲ ಅಲ್ವನ್ರೀ? ಇದನ್ನು ನೋಡೋಕೆ ಇಷ್ಟು ದೂರ ಬರಬೇಕಿತ್ತಾ?” ಎಂದರು. ಎಲ್ಲರೂ ನಕ್ಕೆವು. ಆದರೆ ಅವರು ಹೇಳಿದ್ದು ಸರಿ. ಕರ್ಣಕುಂಡಲದ ವಂಶಕ್ಕೆ ನಮ್ಮ ದೇಶದಲ್ಲಿ ಎರಡು ದೊಡ್ಡ ತವರು: ಒಂದು ಹಿಮಾಲಯ, ಇನ್ನೊಂದು ನಮ್ಮ ಪಶ್ಚಿಮ ಘಟ್ಟ. ಆಗುಂಬೆಯ ಕಡೆ ಮಳೆಗಾಲದಲ್ಲಿ ಧರೆಯ ಮೇಲೆ ಇಳಿಬೀಳುವ ಹೂಗಳನ್ನು ನಾವು ಕಣ್ಣೆತ್ತಿ ನೋಡುವುದಿಲ್ಲ, ಅಷ್ಟೇ.

ಬ್ರಹ್ಮಕಮಲದ ಬಗ್ಗೆಯೂ ಒಂದು ಮಾತು. ನಮ್ಮ ಮನೆಗಳಲ್ಲಿ ರಾತ್ರಿ ಅರಳಿ, ಅಕ್ಕಪಕ್ಕದವರನ್ನೆಲ್ಲ ಕರೆದು ಪೂಜೆ ಮಾಡುವ ಬಿಳಿ ಹೂ ನಿಜವಾದ ಬ್ರಹ್ಮಕಮಲವಲ್ಲ. ಅದು ಮಧ್ಯ ಅಮೆರಿಕದ ಕಡೆಯಿಂದ ಬಂದ ಕಳ್ಳಿಯ ಜಾತಿ. ಹಿಮಾಲಯದ ಬ್ರಹ್ಮಕಮಲ ಸೇವಂತಿಗೆಯ ಕುಟುಂಬದ್ದು. ತೆಳುಹಳದಿ ಕಾಗದದಂಥ ಎಲೆಗಳು ದೊನ್ನೆಯಂತೆ ಸುತ್ತುವರಿದು, ಒಳಗೆ ನೇರಳೆ ಹೂಗುಚ್ಛವಿರುತ್ತದೆ. ಘಾಂಘರಿಯಾದಿಂದ ಹೇಮಕುಂಡ ಸಾಹಿಬ್ ಗುರುದ್ವಾರಕ್ಕೆ ಏರುವ ದಾರಿಯಲ್ಲಿ ಹೆಚ್ಚು ಕಾಣುತ್ತದೆ. ಭಾದ್ರಪದದ ನಂದಾಷ್ಟಮಿಗೆ ಮೊದಲು ಅದನ್ನು ಕೀಳಬಾರದೆಂದು ಹಳ್ಳಿಯವರ ಹಳೆಯ ಕಟ್ಟಳೆ. ಅಷ್ಟರೊಳಗೆ ಬಹುಪಾಲು ಹೂ ಬೀಜಕ್ಕೆ ಬಂದಿರುತ್ತದೆ. ದೇವರ ಹೆಸರಿನಲ್ಲಿ ಬೇಸಾಯದ ಬುದ್ಧಿ.

ಹೊರಜಗತ್ತಿಗೆ ಈ ಕಣಿವೆಯನ್ನು ಪರಿಚಯಿಸಿದವರು ಫ್ರಾಂಕ್ ಸ್ಮೈತ್. 1931ರಲ್ಲಿ ಕಾಮೇಟ್ ಶಿಖರ ಹತ್ತಿ ಇಳಿಯುವಾಗ ಮಳೆ ಮಂಜಿನಲ್ಲಿ ಇಲ್ಲಿಗೆ ಬಂದರು. 1937ರಲ್ಲಿ ಮತ್ತೆ ಬಂದು ಗಿಡ ಸಂಗ್ರಹಿಸಿ, ಮರುವರ್ಷ ಪುಸ್ತಕ ಬರೆದರು. 1939ರಲ್ಲಿ ಸಸ್ಯ ಸಂಗ್ರಹಕ್ಕೆ ಬಂದ ಜೋನ್ ಮಾರ್ಗರೆಟ್ ಲೆಗ್ ಎಂಬ ಮಹಿಳೆ ಬಂಡೆಯಿಂದ ಜಾರಿ ಮೃತಪಟ್ಟರು. ಅವರ ಸಮಾಧಿ ಕಣಿವೆಯಲ್ಲಿಯೇ ಇದೆ, ಸುತ್ತಲೂ ಹೂ. ಆದರೆ ಸ್ಮೈತ್ ಬರುವ ಎಷ್ಟೋ ಮೊದಲೇ ಕೆಳಗಿನ ಹಳ್ಳಿಯವರು ಕುರಿ, ಮೇಕೆ, ದನಗಳೊಡನೆ ಬೇಸಿಗೆಯಲ್ಲಿ ಇಲ್ಲಿಗೆ ಏರಿ ಬರುತ್ತಿದ್ದರು. ನಮ್ಮ ಪ್ರಶ್ನೆ ಶುರುವಾಗುವುದೇ ಅಲ್ಲಿಂದ.

ಅಮೇಲ ಎಂಬ ಗಿಡ

1982ರಲ್ಲಿ ಸರ್ಕಾರ ಕಣಿವೆಯನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿತು. ಮೇಯಿಸುವುದು ನಿಂತಿತು. ಔಷಧಿ ಬೇರು ಕೀಳುವುದು, ರಾತ್ರಿ ತಂಗುವುದು, ಎಲ್ಲಕ್ಕೂ ನಿಷೇಧ. 2005ರಲ್ಲಿ ಯುನೆಸ್ಕೋ ನಂದಾದೇವಿಯೊಂದಿಗೆ ಇದನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನಾನು ಸಭೆಯಲ್ಲಿ ವಾದಿಸಿದ ಬೇಲಿ ಇಲ್ಲಿ ನಿಜವಾಗಿಯೂ ಬಿದ್ದಿತ್ತು.

ಕಣಿವೆಯ ಕೆಲವು ಭಾಗಗಳಲ್ಲಿ ಹೂವಿನ ವೈವಿಧ್ಯವಿಲ್ಲದೆ ಒಂದೇ ಗಿಡ ಆಳೆತ್ತರಕ್ಕೆ ಒತ್ತಾಗಿ ಬೆಳೆದು ನಿಂತಿರುವುದನ್ನು ಕಂಡೆವು. ಬಿಳಿಯ ಸಣ್ಣ ಹೂ, ಅಗಲ ಎಲೆ. ಸ್ಥಳೀಯರು ಅಮೇಲ ಎನ್ನುತ್ತಾರೆ. ಶಾಸ್ತ್ರದ ಪುಸ್ತಕಗಳಲ್ಲಿ ಪಾಲಿಗೋನಮ್ ಎಂಬ ಹೆಸರಿನಲ್ಲಿ ಬಹುಕಾಲ ಪ್ರಚಾರದಲ್ಲಿತ್ತು. ಇದು ಲಂಟಾನದಂತೆ ಪರದೇಶದ್ದಲ್ಲ, ಹಿಮಾಲಯದ್ದೇ. ಆದರೆ ಅದು ಹಬ್ಬಿದಲ್ಲಿ ಕೆಳಗಿನ ಸಣ್ಣ ಗಿಡಗಳಿಗೆ ಬಿಸಿಲಿಲ್ಲ, ಜಾಗವಿಲ್ಲ. ನೆಲದೊಳಗೆ ಬೇರುಗಡ್ಡೆ ಹರಿದಿರುವುದರಿಂದ ಮೇಲೆ ಸವರಿದರೆ ಮತ್ತೆ ಚಿಗುರುತ್ತದೆ, ಬುಡ ಸಹಿತ ಕೀಳಬೇಕು. ಅರಣ್ಯ ಇಲಾಖೆಯವರು ಆಳು ಹಚ್ಚಿ ಅದನ್ನು ಕೀಳಿಸುವ ಕೆಲಸ ಕೈಗೊಂಡಿದ್ದಾರೆ.

ಇದು ಏಕೆ ಹಬ್ಬಿತು ಎಂಬುದರಲ್ಲಿ ವಿಜ್ಞಾನಿಗಳಲ್ಲೇ ಎರಡು ಅಭಿಪ್ರಾಯಗಳಿವೆ. ಕುರಿ ದನಗಳು ಎಳೆಯದರಲ್ಲೇ ಮೇಯ್ದು ತುಳಿದು ಅಮೇಲವನ್ನು ಹತೋಟಿಯಲ್ಲಿಟ್ಟಿದ್ದವು, ಮೇಯಿಸುವುದು ನಿಂತೊಡನೆ ಅದು ತಲೆಯೆತ್ತಿತು ಎಂದು ಕೆಲವರು. ಇನ್ನು ಕೆಲವರು ಕಣಿವೆಯನ್ನು ಅಳೆದು ನೋಡಿ ಬೇರೆ ಮಾತು ಹೇಳಿದರು: ಅಮೇಲ ಕಣಿವೆಯ ತುಂಬ ಇಲ್ಲ, ಹಿಂದೆ ಕುರುಬರು ಬೀಡುಬಿಟ್ಟು ಮಂದೆ ಕೂಡಿಸುತ್ತಿದ್ದ ಜಾಗಗಳಲ್ಲಿ, ಮಣ್ಣು ಕುಸಿದ ಜಾಗಗಳಲ್ಲಿ ಮಾತ್ರ ದಟ್ಟವಾಗಿದೆ, ಆದ್ದರಿಂದ ಅತಿಯಾಗಿ ಮೇಯಿಸಿದ್ದರ ಫಲವೇ ಇದು ಎಂದರು. ಹಟ್ಟಿಯ ಹಿತ್ತಿಲಲ್ಲಿ ಗೊಬ್ಬರ ಹೆಚ್ಚಾಗಿ ಒಂದೇ ಕಳೆ ಸೊಕ್ಕುವುದನ್ನು ಕಂಡ ನಮಗೆ ಈ ಎರಡನೆಯ ಮಾತೂ ಸುಳ್ಳೆನಿಸುವುದಿಲ್ಲ.

ಘಾಂಘರಿಯಾದ ದಾರಿಯಲ್ಲಿ ಚಹಾ ಅಂಗಡಿ ಇಟ್ಟಿದ್ದ ವೃದ್ಧರೊಬ್ಬರು ಹುಡುಗನಾಗಿದ್ದಾಗ ತಂದೆಯ ಜೊತೆ ಕಣಿವೆಗೆ ಕುರಿ ಹೊಡೆದುಕೊಂಡು ಹೋಗುತ್ತಿದ್ದವರಂತೆ. ನನ್ನ ಅರೆಬರೆ ಹಿಂದಿಯಲ್ಲಿ, “ಚಾಚಾಜೀ, ಮುಚ್ಚಿದ್ದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ?” ಎಂದು ಕೇಳಿದೆ. ಅವರು ತುಸು ಹೊತ್ತು ಸುಮ್ಮನಿದ್ದು, “ಮೊದಲು ಕುರಿ ಜಾಸ್ತಿಯಾಗಿತ್ತು ನಿಜ. ಆದರೆ ಕಡಿಮೆ ಮಾಡಿ ಎಂದು ಯಾರೂ ನಮ್ಮನ್ನು ಕೂರಿಸಿ ಕೇಳಲಿಲ್ಲ. ಒಂದೇ ಸಲ ಬಾಗಿಲು ಹಾಕಿದರು. ಈಗ ಕಳೆ ಕೀಳಲು ಕೂಲಿಗೆ ಕರೆಯುತ್ತಾರೆ” ಎಂದರು. ಆ ಮಾತು ನನಗೆ ಎರಡು ಪಕ್ಷದ ವಾದಕ್ಕಿಂತ ಹೆಚ್ಚು ತಿಳಿವಳಿಕೆ ಕೊಟ್ಟಿತು.

ನ್ಯಾಯವಾಗಿ ಹೇಳಬೇಕಾದರೆ, ಬಾಗಿಲು ಹಾಕಿದ್ದರಿಂದ ಬೇರು ಕೀಳುವವರ ಹಾವಳಿ ತಗ್ಗಿತು, ಹೂ ಉಳಿಯಿತು. ಹಳ್ಳಿಯವರೂ ಕೈಕಟ್ಟಿ ಕೂರಲಿಲ್ಲ. ಭ್ಯೂಂಡಾರ್ ಗ್ರಾಮದವರ ಸಮಿತಿ ಯಾತ್ರಿಕರು ಎಸೆದ ಕಸವನ್ನು ದಾರಿಯಿಂದ ತೆಗೆಸುವ ಹೊಣೆ ಹೊತ್ತಿತು. 2013ರ ಜೂನ್ ಪ್ರವಾಹದಲ್ಲಿ ದಾರಿಯೂ ಸೇತುವೆಗಳೂ ಕೊಚ್ಚಿಹೋದ ಮೇಲೆ ಮತ್ತೆ ಬದುಕು ಕಟ್ಟಿಕೊಂಡವರು ಇದೇ ಜನ. ಅಂದರೆ ಬೇಲಿ ಹಾಕಿದ ಮೇಲೂ ಕಣಿವೆಗೆ ಕೈಗಳು ಬೇಕೇ ಆದವು.

ನಮ್ಮ ಬೆಟ್ಟದ ಮಾತು

ಈಗ ನನ್ನ ಸ್ವಂತ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇನೆ. ನಮ್ಮ ತಂದೆಯವರ ಕಾಲದಲ್ಲಿ ನಮ್ಮ ಮನೆಯ ಸೊಪ್ಪಿನಬೆಟ್ಟವನ್ನು ಮೂರು ಪಾಲು ಮಾಡಿ, ವರ್ಷಕ್ಕೊಂದು ಪಾಲಿನಲ್ಲಿ ಮಾತ್ರ ಸೊಪ್ಪು ಕಡಿಯುತ್ತಿದ್ದರು. ತುದಿಯ ಚಿಗುರನ್ನು ಉಳಿಸಿ ಕೊಂಬೆ ಸವರುವುದು, ಮಳೆಗೆ ಮೊದಲು ದರಗು ಗುಡಿಸಿ ತರುವುದು, ಬೆಂಕಿ ದಾರಿ ಸವರುವುದು, ಎಲ್ಲಕ್ಕೂ ಕಾಲವಿತ್ತು. ತೋಟದ ಆಡಳಿತ ನನ್ನ ಕೈಗೆ ಬಂದಾಗ ಆಳಿನ ಅಭಾವ, ಗೊಬ್ಬರದ ಚೀಲ ಪೇಟೆಯಲ್ಲಿ ಸಲೀಸು. ‘ಕಾಡು ಬೆಳೆಯಲಿ’ ಎಂಬ ಒಳ್ಳೆಯ ಮನಸ್ಸಿನಿಂದಲೇ ಬೆಟ್ಟಕ್ಕೆ ಹೋಗುವುದನ್ನು ಬಿಟ್ಟೆ. ಏಳೆಂಟು ವರ್ಷದಲ್ಲಿ ಅಂಚಿನಿಂದ ಲಂಟಾನ ನುಗ್ಗಿತು, ಒಳಗೆ ಕಮ್ಯುನಿಸ್ಟ್ ಗಿಡ ತುಂಬಿತು. ಒಂದು ಮಾರ್ಚಿಯಲ್ಲಿ ಎಲ್ಲಿಂದಲೋ ಬಿದ್ದ ಬೆಂಕಿ ವರ್ಷಗಟ್ಟಲೆ ಕೂಡಿದ್ದ ದರಗಿಗೆ ತಗುಲಿ ಎರಡು ದಿನ ಉರಿಯಿತು. ಎಳೆಯ ಮತ್ತಿ, ಹೊನ್ನೆಗಳೆಲ್ಲ ಹೋದವು. ಆ ಬೇಸಿಗೆಯೇ ತೋಟದ ತಲೆಯ ಒರತೆ ಮೊದಲ ಬಾರಿಗೆ ಬತ್ತಿತು. ಬೆಂಕಿಗೂ ಒರತೆಗೂ ಎಷ್ಟು ಸಂಬಂಧವೋ ಹೇಳಲಾರೆ. ಆದರೆ ಅದನ್ನು ನೋಡಿ ನಿಂತವನಿಗೆ ವಾದ ಹೊಳೆಯುವುದಿಲ್ಲ.

ಇದರಿಂದ ‘ಕಡಿಯುವುದು ನಮ್ಮ ಹಕ್ಕು’ ಎನ್ನುವವರು ಗೆದ್ದಂತಾಗಲಿಲ್ಲ. ಉತ್ತರ ಕನ್ನಡದಲ್ಲಿ ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೂ ಬೆಟ್ಟದ ಸವಲತ್ತು ಕೊಟ್ಟದ್ದುಂಟು. ಕೊಡಗಿನಲ್ಲಿ ಗದ್ದೆಗೆ ಬಾಣೆ ಉಂಟು. ಕೊಟ್ಟದ್ದು ಸೊಪ್ಪಿಗಾಗಿ, ದರಗಿಗಾಗಿ. ಅದೇ ಬೆಟ್ಟಗಳಲ್ಲಿ ಮರಗಳ ತಲೆ ವರ್ಷವರ್ಷವೂ ಬೋಳಿಸಿ ಕಂಬ ನಿಲ್ಲಿಸಿದಂತೆ ಮಾಡಿರುವುದನ್ನೂ ನಾವು ನೋಡುತ್ತಿದ್ದೇವೆ. ಕಾಫಿ ತೋಟದ ಮರಗಸಿಯಲ್ಲಿ ನಾವು ಎಷ್ಟು ಎಚ್ಚರ! ಯಾವ ಮರ, ಯಾವ ಕೊಂಬೆ, ಪಡುವಣ ಬಿಸಿಲಿಗೆ ಎಷ್ಟು ಬಿಡಬೇಕು, ಬೋರರ್ ಬೀಳದಂತೆ ನೆರಳೆಷ್ಟಿರಬೇಕು ಎಂದು ಮರದ ಬುಡದಲ್ಲಿ ನಿಂತು ಆಳಿಗೆ ಕೈತೋರಿಸಿ ಹೇಳುತ್ತೇವೆ. ಅದರಲ್ಲಿ ನಾಲ್ಕನೆಯ ಒಂದು ಪಾಲು ಎಚ್ಚರ ಬೆಟ್ಟಕ್ಕೂ ಇದ್ದರೆ ಸಾಕಾಗಿತ್ತು.

ಆದ್ದರಿಂದ ನನ್ನ ಅಭಿಪ್ರಾಯ ಈಗ ಇಷ್ಟು: ಮುಚ್ಚಬೇಕೋ ಬಳಸಬೇಕೋ ಎಂಬ ಪ್ರಶ್ನೆಯೇ ಅರ್ಧ ತಪ್ಪು. ಯಾವ ಭಾಗವನ್ನು ಎಷ್ಟು ವರ್ಷ ಮುಚ್ಚಬೇಕು, ಯಾವುದನ್ನು ಹೇಗೆ ಬಳಸಬೇಕು, ನೋಡಿಕೊಳ್ಳುವವರು ಯಾರು ಎಂಬುದೇ ಪ್ರಶ್ನೆ. ಬರುವ ಸರ್ವಸದಸ್ಯರ ಸಭೆಯಲ್ಲಿ ಮಂಡಿಸಲು ಮೂರು ಸಲಹೆಗಳನ್ನು ಸಿದ್ಧಪಡಿಸಿದ್ದೇನೆ. ಒಂದು, ಪ್ರತಿ ಸದಸ್ಯರೂ ಫೆಬ್ರವರಿ ಒಳಗಾಗಿ ತಮ್ಮ ಬೆಟ್ಟವನ್ನು ಒಮ್ಮೆ ಪೂರ್ತಿ ಸುತ್ತಿ, ಬೋಳಾದದ್ದು, ಕಳೆ ತುಂಬಿದ್ದು, ಚೆನ್ನಾಗಿರುವುದು ಎಂದು ಮೂರು ಬಗೆಯಾಗಿ ಗುರುತು ಮಾಡಿ ಸಂಘಕ್ಕೆ ಬರೆದುಕೊಡುವುದು. ಎರಡು, ಬೋಳಾದ ಭಾಗವನ್ನು ಮಾತ್ರ ಕೆಲವು ವರ್ಷ ಮುಚ್ಚಿ, ಉಳಿದದ್ದರಲ್ಲಿ ಸರದಿಯ ಪ್ರಕಾರ ಸೊಪ್ಪು ಕಡಿಯುವುದು. ಮೂರು, ಲಂಟಾನ ಕೀಳುವುದಕ್ಕೂ ಬೆಂಕಿ ದಾರಿಗೂ ಅಕ್ಕಪಕ್ಕದ ನಾಲ್ಕೈದು ಮನೆಯವರು ಮುಯ್ಯಾಳಿನಂತೆ ಸೇರಿ ದುಡಿಯುವುದು. ಬೇಲಿಯ ಪಕ್ಷದವರೂ ಹಕ್ಕಿನ ಪಕ್ಷದವರೂ ಬಂದು ತಿದ್ದುಪಡಿ ಸೂಚಿಸಬೇಕು.

ಹೋಗಬಯಸುವವರಿಗೆ

ಉದ್ಯಾನ ತೆರೆದಿರುವುದು ಜೂನ್ 1ರಿಂದ ಅಕ್ಟೋಬರ್ 31ರವರೆಗೆ. ಹೂವಿನ ಭರ ನಮ್ಮ ಕೊಳೆರೋಗದ ಭರದ ಕಾಲವೇ. ಬೋರ್ಡೋ ಎರಡನೆಯ ಸಿಂಪಡಣೆ ಮುಗಿಸಿ ಆಗಸ್ಟ್ ಎರಡನೆಯ ವಾರ ಹೊರಟರೆ ಹೂವೂ ಸಿಗುತ್ತದೆ, ಕೊನೆಯೂ ಉಳಿಯುತ್ತದೆ. ಆ ದಿನಗಳಲ್ಲಿ ಗುಡ್ಡ ಕುಸಿದು ರಸ್ತೆ ಕಟ್ಟುವುದು ಸಾಮಾನ್ಯ. ಎರಡು ದಿನ ಹೆಚ್ಚಿಗೆ ಇಟ್ಟುಕೊಂಡೇ ಹೊರಡತಕ್ಕದ್ದು. 2023ರ ಜನವರಿಯಲ್ಲಿ ಜೋಶಿಮಠದಲ್ಲಿ ನೆಲ ಕುಸಿದು ನೂರಾರು ಮನೆಗಳು ಬಿರುಕು ಬಿಟ್ಟದ್ದನ್ನು ನೆನೆದು, ತಂಗುವ ಜಾಗ ವಿಚಾರಿಸಿಯೇ ಗೊತ್ತುಮಾಡಿ. ಕಣಿವೆಯಲ್ಲಿ ರಾತ್ರಿ ಉಳಿಯುವಂತಿಲ್ಲ, ಬೆಳಿಗ್ಗೆ ಹೋಗಿ ಸಂಜೆಯೊಳಗೆ ಹಿಂದಿರುಗಬೇಕು. ಎದೆನೋವು, ಉಬ್ಬಸ ಇರುವವರು ವೈದ್ಯರನ್ನು ಕಾಣದೆ ಹೊರಡಬಾರದು. ಕಂಬಳಿ ಕೊಪ್ಪೆ ಬೇಡ. ಒಳ್ಳೆಯ ಮಳೆಯಂಗಿ ಮತ್ತು ಜಾರದ ಬೂಟು ಬೇಕು. ಒಂದು ಹೂವನ್ನೂ ಕೀಳಬೇಡಿ, ಬೀಜವನ್ನೂ ತರಬೇಡಿ. ತಂದರೂ ನಮ್ಮ ಹವೆಗೆ ಬದುಕುವುದಿಲ್ಲ. ಬದುಕಿದರೆ ಲಂಟಾನದ ಕಥೆಯೇ.

ಮುಂದಿನ ವರ್ಷ ಇನ್ನೊಂದು ತಂಡ ಹೊರಡುವುದಿದ್ದರೆ ಯುಗಾದಿಯೊಳಗೆ ಸಂಘದ ಕಛೇರಿಯಲ್ಲಿ ಹೆಸರು ಕೊಡಿ. ಅದಕ್ಕೂ ಮೊದಲು, ಒಂದು ಭಾನುವಾರ ಕತ್ತಿ ಹಿಡಿದು ನಿಮ್ಮ ಬೆಟ್ಟಕ್ಕೆ ಹೋಗಿ ಬನ್ನಿ. ನಾನು ಹೋಗಿ ಬಂದೆ. ಸುಟ್ಟ ಪಾಲಿನಲ್ಲಿ ಹೊನ್ನೆಯ ಬುಡಗಳು ಅಲ್ಲಲ್ಲಿ ಚಿಗುರಿವೆ. ಸುತ್ತಲಿನ ಕಳೆ ಬಿಡಿಸಿ ಬಂದಿದ್ದೇನೆ.